ಕರ್ಮಣಿ ಪ್ರಯೋಗ

ಗ್ರಿಮ್ಸ್‌ಬಿಯ ಮೀನಿನ ಕಾರ್ಖಾನೆಯಲ್ಲಿ
ಮಂಗಳವಾರ ಬೆಳಿಗ್ಗೆ ಐದೂಕಾಲಿಗೆ
ಗೋಡೆಗೆ ಅಂಟಿಸಿದ ಪಾಳಿಯ ಹಾಳೆಯಲ್ಲಿ
ನನ್ನ ಹೆಸರಿರಲಿಲ್ಲ.

ಇರಲಿಲ್ಲ ಅಂದರೆ, ಇತ್ತು.
ಅದರ ಮೇಲೆ ಬಿಳಿ ಬಳಿದಿದ್ದರು.
ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ನಿಂತು ನೋಡಿದರೆ
ಅಡಿಯಲ್ಲಿ ಕಾಣುತ್ತಿತ್ತು ಇನ್ನೂ: ಸೂ.
ಸುಗುಣಾ ಕುಂದರ್ ಎಂಬುದನ್ನು ಹದಿಮೂರು ವರ್ಷದ ಹಿಂದೆ
ಅವರೇ ಬಾಲ ಕತ್ತರಿಸಿ, ಮುಳ್ಳು ತೆಗೆದು
ಬಾಯಿಗೆ ಹಿಡಿಸುವಷ್ಟು ಮಾಡಿಕೊಂಡದ್ದು.

ಕೀತ್ ನನ್ನ ಮುಖ ನೋಡಲಿಲ್ಲ.
ಬೂಟು ನೋಡಿದ.
ಅದನ್ನು ಬಿಟ್ಟು ಹೋಗಬೇಕಾಗುತ್ತದೆ, ಅಂದ.
ಎಂತಕ್ಕೆ? ಅಂದೆ.
ಬೂಟಿನದ್ದೇ ಕೇಳಿದೆ ಅಂದುಕೊಂಡನೋ ಏನೋ,
ಕಂಪನಿಯದ್ದಲ್ಲವಾ, ಅಂದ.
ಆಮೇಲೆ ಒಂದು ಲಕೋಟೆ.

ಬಸ್‌ಸ್ಟಾಪಿನಲ್ಲಿ ಒಡೆದೆ. ಎರಡೇ ಸಾಲು.
ಅವರ ಇಂಗ್ಲಿಷನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದೆ:
ನಿಮ್ಮ ಸೇವೆಯನ್ನು ಕೊನೆಗೊಳಿಸಲಾಗಿದೆ.
ಬಾಕಿ ಸಂಬಳವನ್ನು ಖಾತೆಗೆ ಜಮಾ ಮಾಡಲಾಗುವುದು.

ಉಚ್ಚಿಲದ ಶಾಲೆಯ ಶೇಷಮ್ಮ ಟೀಚರ್
ಇಂಥ ವಾಕ್ಯದ ಅಡಿಗೆ ಕೆಂಪು ಗೆರೆ ಎಳೆಯುತ್ತಿದ್ದರು.
ಕರ್ಮಣಿ ಪ್ರಯೋಗ! ಕನ್ನಡದ ಬಾಯಿಗೆ ಒಗ್ಗದು ಮಕ್ಕಳೇ,
ಮಾಡಿದವ ಯಾರು, ಅವನನ್ನು ಮೊದಲು ನಿಲ್ಲಿಸಿ.

ಹುಡುಕಿದೆ ಟೀಚರ್, ಕರ್ತೃವನ್ನು.
ಲಕೋಟೆಯ ಒಳಗೆ, ಹಾಳೆಯ ಹಿಂದೆ, ಸಹಿಯ ಜಾಗದಲ್ಲಿ.
ಸಹಿಯೂ ಅಚ್ಚಿನದ್ದು.
ಕ್ರಿಯಾಪದ ಇದೆ. ಕರ್ಮ ಇದೆ.
ಕರ್ಮ, ಮುಟ್ಟದ ಬುತ್ತಿಡಬ್ಬಿ ತೊಡೆಯ ಮೇಲಿಟ್ಟುಕೊಂಡು
ಹಂಬರ್ ನದಿಯ ಗಾಳಿಗೆ ಮೂಗು ಒರೆಸಿಕೊಳ್ಳುತ್ತ
ಒಂಬತ್ತನೇ ನಂಬರಿನ ಬಸ್ಸು ಕಾಯುತ್ತಿದೆ.

ಶುಕ್ರವಾರ ಎರಡು ಸಲ ಪಾಯಖಾನೆಗೆ ಹೋಗಿದ್ದೆ.
ಅದಾ?
ಹೊಸ ಮ್ಯಾನೇಜರ್ ಏನೋ ಅಂದು ನಕ್ಕಾಗ
ನಾನು ನಗಲಿಲ್ಲ, ಕಿವಿಯಲ್ಲಿ ಬಿರಡೆ ಇತ್ತು.
ಅದಾ?
ರಸಾ ಜಾರಿಬಿದ್ದ ದಿನ ಕೆಂಪು ಗುಂಡಿ ಒತ್ತಿ
ಲೈನನ್ನೇ ನಿಲ್ಲಿಸಿದ್ದೆ. ನಾಲ್ಕು ನಿಮಿಷ.
ರಸಾ ಅಂದರೆ ಅವಳ ಲಿಥುವೇನಿಯಾದಲ್ಲಿ ಇಬ್ಬನಿಯಂತೆ.
ಈಗ ಫೋನು ಎತ್ತುವುದಿಲ್ಲ.
ಎತ್ತುವುದು ಬೇಡ, ಅವಳಿಗೂ ಬಾಡಿಗೆ ಇದೆ.

ಊರಿನಿಂದ ಅಕ್ಕ ಅಂದಳು:
ಅಲ್ಲಿಯ ಅನ್ನದ ಋಣ ತೀರಿತು, ಬಿಡು ಮಾರಾಯ್ತಿ.
ತೀರಿದ್ದು ಹೌದಾದರೆ
ಲೆಕ್ಕ ತೋರಿಸಬೇಕಲ್ಲ ಅಕ್ಕ?
ಬುಟ್ಟಿ ಹೊತ್ತ ಅಮ್ಮ ಐದು ಬಂಗುಡೆಗೂ ಲೆಕ್ಕ ಹೇಳುತ್ತಿದ್ದಳು,
ಸಾಲ ಇಟ್ಟವಳ ಅಂಗಳದಲ್ಲೇ ನಿಂತು, ಗಟ್ಟಿಯಾಗಿ.

ನಾಲ್ಕು ಗಂಟೆಗೆ ಈಗಲೂ ಎಚ್ಚರ.
ನಿದ್ದೆಯಲ್ಲಿ ಬಲಗೈ ಹೊದಿಕೆ ಸೀಳುತ್ತಿರುತ್ತದಂತೆ,
ಕಿವಿರಿನ ಹಿಂದೆ ಒಂದು, ಬೆನ್ನಗುಂಟ ಒಂದು,
ತಿರುಗಿಸಿ ಇನ್ನೊಂದು. ಒಂದು ಹ್ಯಾಡಕ್‌ಗೆ ಹನ್ನೊಂದು ಸೆಕೆಂಡು.
ಹೇಳಿದ್ದು ಗಂಡ. ಹೇಳಿ, ಆ ಕೈಯನ್ನೇ ಹಿಡಿದುಕೊಂಡು ಮಲಗಿದ.

ಶನಿವಾರ ಫ್ರೀಮನ್ ಸ್ಟ್ರೀಟಿನ ಮಾರ್ಕೆಟ್ಟಿನಿಂದ
ಹಣ ಕೊಟ್ಟು ಮೀನು ತಂದೆ. ಮೊದಲ ಸಲ.
ನಿಶ್ಮಿತಾಳ ಗಂಟಲಿಗೆ ಮುಳ್ಳು ಸಿಕ್ಕಿತು.
ಇದು ನನ್ನ ಕೈಯ ತುಂಡಲ್ಲ, ಅಂದೆ ಥಟ್ಟನೆ.
ಸುಳ್ಳು ಯಾಕೆ, ಮಗಳು ಕೆಮ್ಮುತ್ತಿರುವಾಗಲೂ
ಒಂದು ಚೂರು ಖುಷಿಯೇ ಆಯಿತು.

ಅನ್ನವನ್ನು ಉಂಡೆ ಕಟ್ಟಿ ಜಗಿಯದೆ ನುಂಗು ಅಂದೆ,
ಅಮ್ಮ ನನಗೆ ಅಂದ ಹಾಗೆ.
ನುಂಗಿದಳು. ಇಳಿಯಿತು. ಕಣ್ಣೊರೆಸಿ ನಕ್ಕಳು.

ನಾನೂ ಒಂದು ಉಂಡೆ ಕಟ್ಟಿ ನುಂಗಿದೆ.
ಮತ್ತೊಂದು.
ನಿನಗೂ ಮುಳ್ಳು ಸಿಕ್ಕಿದ್ದಾ ಅಮ್ಮ?
ಇಲ್ಲ, ಅಂದೆ.
ಮತ್ತೆ ಎಂತದು?
ಬಟ್ಟಲಿನಲ್ಲಿ ಅನ್ನ ಇತ್ತು, ಇನ್ನೂ.
ಇನ್ನೊಂದು ಉಂಡೆ ಕಟ್ಟಿದೆ.